ಐನೂರು ಗ್ರಾಂ ಕಾಯುವ ಅಕ್ಕ

ಬೆಳಗಿನ ಆರು ಗಂಟೆ ಐದು ನಿಮಿಷ. ಶೂಟಿಂಗ್ ರೇಂಜಿನ ಉದ್ದನೆಯ ಹಾಲಿನಲ್ಲಿ ಇನ್ನೂ ದೀಪ ಹಾಕಿಲ್ಲ. ಹಿಂಬದಿಯ ರಿಪೇರಿ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಕಂದು ಏಪ್ರನ್ ತೊಟ್ಟ ಐವತ್ತಮೂರರ ಹೆಂಗಸೊಬ್ಬರು ಕಬ್ಬಿಣದ ಕಪಾಟಿನಿಂದ ಏರ್ ಪಿಸ್ತೂಲೊಂದನ್ನು ಎತ್ತಿಕೊಂಡು, ಗುಂಡು ಕೂರುವ ಜಾಗವನ್ನು ತೆರೆದು ನೋಡುತ್ತಾರೆ. ಖಾಲಿ. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ನಳಿಗೆಯನ್ನು ನೇರ ಮೇಲಕ್ಕೆ ಮಾಡಿ, ಟ್ರಿಗರಿಗೆ ಹಿತ್ತಾಳೆಯ ತೂಕವೊಂದನ್ನು ಕೊಕ್ಕೆ ಹಾಕಿ ನೇತುಬಿಟ್ಟು, ಮೇಜಿನ ಮೇಲಿಂದ ನಿಧಾನಕ್ಕೆ ಎತ್ತುತ್ತಾರೆ. ಮಲಗಿದ ಕೂಸನ್ನು ಎಬ್ಬಿಸದೆ ಎತ್ತಿಕೊಳ್ಳುವಷ್ಟು ನಿಧಾನ.

ತೂಕ ಮೇಜು ಬಿಡುತ್ತದೆ. ಗಾಳಿಯಲ್ಲಿ ನಿಲ್ಲುತ್ತದೆ. ಸದ್ದಿಲ್ಲ.

“ಪಾಸು,” ಎನ್ನುತ್ತಾರೆ. ಮುಂದಿನದಕ್ಕೆ ಕೈ ಚಾಚುತ್ತಾರೆ.

ಆ ತೂಕ ಸರಿಯಾಗಿ ಐನೂರು ಗ್ರಾಂ. ಹತ್ತು ಮೀಟರ್ ಏರ್ ಪಿಸ್ತೂಲ್ ಪಂದ್ಯದ ನಿಯಮದ ಪ್ರಕಾರ ಟ್ರಿಗರ್ ಇಷ್ಟು ಭಾರವನ್ನಾದರೂ ತಡೆದುಕೊಳ್ಳಬೇಕು. ಅದಕ್ಕಿಂತ ಹಗುರವಾಗಿದ್ದರೆ ತೂಕ ಎತ್ತುವಾಗಲೇ ‘ಟಿಕ್’ ಎಂದು ಬಿಟ್ಟುಕೊಡುತ್ತದೆ. ಆ ಪಿಸ್ತೂಲು ಪಂದ್ಯಕ್ಕಿಲ್ಲ. ತೀರಾ ಭಾರವಾದರೂ ಕಷ್ಟ. ಬೆರಳು ಬಲ ಹಾಕಿದಷ್ಟೂ ಕೈ ಅಲುಗುತ್ತದೆ, ಗುಂಡು ಗುರಿಯಿಂದ ಆಚೆ ಬೀಳುತ್ತದೆ. ಹೀಗಾಗಿ ಎಲ್ಲರಿಗೂ ಐನೂರರ ಹತ್ತಿರಕ್ಕೇ ಬೇಕು, ಕೆಳಗೆ ಮಾತ್ರ ಹೋಗಬಾರದು. ಆ ಗೆರೆಯನ್ನು ಹತ್ತೊಂಬತ್ತು ವರ್ಷದಿಂದ ಕಾಯುತ್ತಾ ಬಂದಿರುವ ಈಕೆಗೆ ರೇಂಜಿನಲ್ಲಿ ಎಲ್ಲರೂ ಇಟ್ಟಿರುವ ಹೆಸರು ‘ಗ್ರಾಂ ಅಕ್ಕ’. ಎಪ್ಪತ್ತು ದಾಟಿದ ಕಾರ್ಯದರ್ಶಿಯೂ ಹಾಗೇ ಕರೆಯುತ್ತಾರೆ.

ಗ್ರಾಂ ಅಕ್ಕನ ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಸಂದು. ಶಾಲೆ ಬಿಟ್ಟ ಮೇಲೆ ಮಗಳ ಕೆಲಸ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸುವುದು. “ಒಂದು ಸ್ಕ್ರೂ ಆಚೀಚೆ ಆದ್ರೆ ಅಪ್ಪ ಬೈತಿರ್ಲಿಲ್ಲ. ಮತ್ತೆ ಮೊದಲಿಂದ ಬಿಚ್ಚು ಅಂತಿದ್ರು. ಬೈದಿದ್ರೇ ಚೆನ್ನಾಗಿತ್ತು,” ಎಂದು ನಗುತ್ತಾರೆ.

ಮದುವೆಯಾಗಿ, ಮಗಳು ಶಾಲೆಗೆ ಸೇರಿದ ಮೇಲೆ ರೇಂಜಿಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಗುರಿಹಲಗೆಯ ಹಿಂದೆ ಬಿದ್ದ ಸೀಸದ ಚೂರುಗಳನ್ನು ಗೋರುವುದು, ತೂತು ಬಿದ್ದ ಕಾಗದಗಳನ್ನು ಕಟ್ಟು ಕಟ್ಟುವುದು. ಒಂದು ದಿನ ಕಾಗದವನ್ನು ಹಿಂದೆ ಮುಂದೆ ಓಡಿಸುವ ರಾಟೆ ಸಿಕ್ಕಿಹಾಕಿಕೊಂಡಿತು. ಆಗ ರಿಪೇರಿ ಕೋಣೆಯಲ್ಲಿದ್ದ ಮುದುಕ ಮೆಕ್ಯಾನಿಕ್ ಏಣಿ ಹುಡುಕಿಕೊಂಡು ಬರುವಷ್ಟರಲ್ಲಿ ಈಕೆ ತಲೆಪಿನ್ನಿನಿಂದ ಅದನ್ನು ಬಿಡಿಸಿ, ಪೊರಕೆ ಹಿಡಿದು ಮುಂದಕ್ಕೆ ಹೋಗಿಯಾಗಿತ್ತು. ಮಾರನೆಯ ದಿನ ಆತ ಕರೆದು ಎರಡು ಉಕ್ಕಿನ ತುಣುಕುಗಳನ್ನು ಅಂಗೈಗೆ ಹಾಕಿದರು. ಕಿರುಬೆರಳಿನ ಉಗುರಿನಷ್ಟೇ ದೊಡ್ಡವು. ಟ್ರಿಗರಿನ ಒಳಗಡೆ ಇವೆರಡು ಒಂದನ್ನೊಂದು ಚಿಲಕದಂತೆ ಹಿಡಿದಿರುತ್ತವೆ. ಬೆರಳು ಎಳೆದಾಗ ಒಂದು ಇನ್ನೊಂದರ ಮೇಲಿಂದ ಜಾರುತ್ತದೆ. ಆ ಜಾರುವಿಕೆ ಬೆಣ್ಣೆಯಂತಿರಬೇಕು, ಪ್ರತಿಸಲವೂ ಒಂದೇ ಜಾಗದಲ್ಲಿ ಆಗಬೇಕು. ಕೆಲಸವೆಲ್ಲ ಇಷ್ಟೇ. ಕಲಿಯಲು ನಾಲ್ಕು ವರ್ಷ ಹಿಡಿಯಿತು.

ಮನೆಯಲ್ಲಿ ಸುದ್ದಿ ಹೇಳಿದಾಗ ಶಾಲಾ ಬಸ್ಸು ಓಡಿಸುವ ಗಂಡ ಸಂಬಳ ಎಷ್ಟು ಎಂದಷ್ಟೇ ಕೇಳಿದರು. ಅತ್ತೆ ಮಾತ್ರ ಬೀದಿಗೆಲ್ಲ ಸಾರಿಬಂದರು. “‘ನನ್ನ ಸೊಸೆಗೆ ಪಿಸ್ತೂಲಿನ ಕೆಲಸ ಸಿಕ್ಕಿದೆ’ ಅಂತ ಅಷ್ಟೇ ಹೇಳಿದ್ರಂತೆ, ಏನ್ ಕೆಲಸ ಅಂತ ಹೇಳ್ಲೇ ಇಲ್ಲ. ಒಂದು ತಿಂಗಳು ನಮ್ಮನೆ ಮುಂದೆ ಯಾರೂ ಗಾಡಿ ನಿಲ್ಲಿಸ್ಲಿಲ್ಲ.”

ರೇಂಜಿನದೇ ಪಿಸ್ತೂಲುಗಳು ಮೂವತ್ತೆಂಟು, ಶೂಟರ್‌ಗಳು ಸ್ವಂತಕ್ಕೆ ಇಟ್ಟುಕೊಂಡವು ಅರವತ್ತರ ಮೇಲೆ. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ. ಯಾವತ್ತು ಬಿಚ್ಚಿದ್ದು, ಯಾವ ಸ್ಪ್ರಿಂಗ್ ಬದಲಾಯಿಸಿದ್ದು, ಎಷ್ಟು ಗ್ರಾಂಗೆ ನಿಲ್ಲಿಸಿದ್ದು, ಎಲ್ಲವೂ ಪೆನ್ಸಿಲಿನಲ್ಲಿ. ದಿನಕ್ಕೆ ಇನ್ನೂರು ಸಲವಾದರೂ ಆ ತೂಕ ಎತ್ತುತ್ತಾರೆ, ಅದರ ಮೇಲೆ ಐದೈದು ಗ್ರಾಂನ ಬಿಲ್ಲೆ ಸೇರಿಸುತ್ತಾ ಎಷ್ಟಕ್ಕೆ ಬಿಡುತ್ತದೆಂದು ಅಳೆಯುತ್ತಾರೆ. ಟ್ರಿಗರಿನ ಬಿಗಿ ಹೊಂದಿಸುವ ಸಣ್ಣ ಸ್ಕ್ರೂ ಸರಿಯಾದ ಜಾಗಕ್ಕೆ ಬಂದ ಮೇಲೆ ಅದರ ತಲೆಗೆ ಕೆಂಪು ನೇಲ್ ಪಾಲಿಶ್‌ನ ಒಂದು ಚುಕ್ಕೆ. ಆಮೇಲೆ ಯಾರು ಸ್ಕ್ರೂ ತಿರುಗಿಸಿದರೂ ಚುಕ್ಕೆ ಒಡೆದು ಗೊತ್ತಾಗುತ್ತದೆ. “ನನ್ನ ಉಗುರಿಗೆ ಯಾವತ್ತೂ ಹಚ್ಚಿದ್ದಿಲ್ಲ,” ಎನ್ನುತ್ತಾರೆ. ಆ ಬೆರಳುಗಳ ತುದಿಗಳು ಬಿಡಿಭಾಗ ತೊಳೆಯುವ ಪೆಟ್ರೋಲಿನಲ್ಲಿ ಅದ್ದಿ ಅದ್ದಿ ಬಿರುಕು ಬಿಟ್ಟಿವೆ.

ಹನ್ನೊಂದು ವರ್ಷದ ಹಿಂದಿನ ಒಂದು ಚೀಟಿಯನ್ನು ಅವರು ಬೇರೆಯಾಗಿ ಇಟ್ಟಿದ್ದಾರೆ. ಅದರಲ್ಲಿ ಬರೆದಿರುವುದು ‘505’.

ಅದು ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳ ಪಿಸ್ತೂಲು. ದೊಡ್ಡ ಪಂದ್ಯ ಮಾರನೆಯ ದಿನ. ಸಂಜೆಯೊಳಗೆ ಹದಿನೇಳು ಪಿಸ್ತೂಲು ನೋಡಬೇಕಿತ್ತು, ಕೊನೆಯದು ಇದು. ತೂಕ ಎತ್ತಿ, ಅಳೆದು, ಚುಕ್ಕೆ ಇಟ್ಟಾಗಿತ್ತು. ಮುಚ್ಚುವ ಮುಂಚೆ ಟ್ರಿಗರ್ ಎಳೆದು ನೋಡಿದರೆ ಎಲ್ಲೋ ಸಣ್ಣಗೆ ಕರಕರ ಅಂದಂತಾಯಿತು. ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ ಬಿಟ್ಟರು. ಹೊರಗೆ ಗಂಡ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮತ್ತೆ ಅಳೆಯಲಿಲ್ಲ. “ನನ್ನ ಕೈಯಲ್ಲೇ ಇತ್ತಲ್ಲ, ಏನಾಗುತ್ತೆ ಅಂದ್ಕೊಂಡೆ,” ಎನ್ನುವಾಗ ಗ್ರಾಂ ಅಕ್ಕ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಡುತ್ತಾರೆ.

ಆ ಹುಡುಗಿ ಅವತ್ತು ತನ್ನ ಬದುಕಿನಲ್ಲೇ ಚೆನ್ನಾಗಿ ಗುರಿ ಇಟ್ಟಳು. ಅರವತ್ತು ಗುಂಡು ಮುಗಿದಾಗ ಅವಳೇ ಮೊದಲು. ಆಮೇಲೆ ಚೀಟಿ ಎತ್ತಿ ಕೆಲವರ ಪಿಸ್ತೂಲು ತಪಾಸಣೆ ಮಾಡುವುದು ವಾಡಿಕೆ. ಅವಳ ಹೆಸರು ಬಂತು. ಮೂರು ಸಲ ತೂಕ ಎತ್ತಿದರು, ಮೂರು ಸಲವೂ ಟಿಕ್. ಅಂಕಗಳೆಲ್ಲ ಹೋದವು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಟ್ರಿಗರ್ ಹಗುರಾಗಲಿ ಅಂತ ಬೇಕೆಂದೇ ಸ್ಕ್ರೂ ತಿರುಗಿಸಿದ್ದೀಯ ಎಂದು ಕೋಚ್ ಎಲ್ಲರೆದುರು ಅಂದರು. ಹುಡುಗಿ ಇಲ್ಲ ಅಂದಳು. ಯಾರೂ ನಂಬಿದಂತೆ ಕಾಣಲಿಲ್ಲ.

ಪಿಸ್ತೂಲು ರಿಪೇರಿ ಕೋಣೆಗೆ ವಾಪಸು ಬಂತು. ಅಕ್ಕ ಮೊದಲು ನೋಡಿದ್ದು ಕೆಂಪು ಚುಕ್ಕೆಯನ್ನು. ಅದು ಒಡೆದಿರಲಿಲ್ಲ. ಒಳಗೆ ಬಿಚ್ಚಿದರು. ತಾವು ಬಿಟ್ಟಿದ್ದ ಎಣ್ಣೆ ಆ ಎರಡು ತುಣುಕುಗಳ ನಡುವೆ ಹರಡಿ ಮಿರಮಿರ ಮಿಂಚುತ್ತಿತ್ತು. ರಾತ್ರಿಯೆಲ್ಲ ಇಳಿದು, ಅರವತ್ತು ಸಲ ಜಾರಿ, ಹಿಡಿತ ಹತ್ತು ಗ್ರಾಂ ಸಡಿಲವಾಗಿತ್ತು.

“ಕೋಣೇಲಿ ಬೇರೆ ಯಾರೂ ಇರ್ಲಿಲ್ಲ. ಬಟ್ಟೇಲಿ ಒಂದು ಸಲ ಒರೆಸಿದ್ರೆ ಮುಗೀತಿತ್ತು. ಬಟ್ಟೆ ಕೈಯಲ್ಲೇ ಇತ್ತು ಕೂಡ. ಆ ಮಗು ಹೊರಗಡೆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ಳು, ಬಾಗಿಲಿಂದ ಕಾಣ್ತಿತ್ತು.”

ಬಿಚ್ಚಿದ ತುಣುಕುಗಳನ್ನು ತಟ್ಟೆಯಲ್ಲಿ ಹಾಗೇ ಹಿಡಿದುಕೊಂಡು ಅಕ್ಕ ತೀರ್ಪುಗಾರರ ಕೋಣೆಗೆ ಹೋದರು. ಕೋಚ್ ಅಲ್ಲೇ ಇದ್ದರು. “ಅವಳು ಮುಟ್ಟಿಲ್ಲ ಸಾರ್. ಚುಕ್ಕೆ ನೋಡಿ. ಎಣ್ಣೆ ಹಾಕಿದ್ದು ನಾನು, ಅಳೆಯದೆ ಕೊಟ್ಟಿದ್ದೂ ನಾನು,” ಎಂದರು. ತೀರ್ಪುಗಾರರು ಭೂತಗನ್ನಡಿ ಹಿಡಿದು ನೋಡಿದರು. ಫಲಿತಾಂಶ ಬದಲಾಗಲಿಲ್ಲ, ಪಿಸ್ತೂಲು ಯಾರದೋ ಹೊಣೆ ಅವರದೇ ಎನ್ನುತ್ತದೆ ನಿಯಮ. ಆದರೆ ವರದಿಯಲ್ಲಿ ‘ಶೂಟರ್‌ನಿಂದ ಯಾವುದೇ ತಿದ್ದುಪಡಿ ಆಗಿಲ್ಲ’ ಎಂದು ಸೇರಿಸಿದರು. ಕೋಚ್ ಹೊರಗೆ ಹೋಗಿ ಹುಡುಗಿಯ ಪಕ್ಕ ಕೂತರು. ಏನು ಹೇಳಿದರೋ ಅಕ್ಕನಿಗೆ ಕೇಳಿಸಲಿಲ್ಲ.

ಮುಂದಿನ ವಾರ ಅಕ್ಕನಿಗೆ ಮತ್ತೆ ಪೊರಕೆ ಕೊಟ್ಟರು. ಎಂಟು ತಿಂಗಳು ಸೀಸ ಗೋರಿದರು. ಗಂಡ ಬೇರೆ ಕಡೆ ಕೆಲಸ ನೋಡೋಣವೇ ಎಂದು ಕೇಳಿದ್ದುಂಟು. “ಬೇಡ ಅಂದೆ. ತಪ್ಪು ಮಾಡಿದ ಜಾಗ ಬಿಟ್ಟು ಹೋದ್ರೆ ಅದು ಹಿಂದೇನೇ ಬರುತ್ತೆ. ಇಲ್ಲೇ ಇದ್ರೆ ದಿನಾ ನೋಡಿ ನೋಡಿ ಅಭ್ಯಾಸ ಆಗುತ್ತೆ.”

ಒಂಬತ್ತನೆಯ ತಿಂಗಳು, ಕಾಗದದ ಕಟ್ಟುಗಳನ್ನು ಒಟ್ಟುವ ಗೋದಾಮಿನ ಬಾಗಿಲಲ್ಲಿ ಆ ಹುಡುಗಿ ಬಂದು ನಿಂತಳು. ಕೈಯಲ್ಲಿ ಪಿಸ್ತೂಲಿನ ಪೆಟ್ಟಿಗೆ.

“ಅಕ್ಕ, ಟ್ರಿಗರ್ ಯಾಕೋ ಒಂದೇ ಥರ ಬರ್ತಿಲ್ಲ. ನೋಡ್ತೀರಾ?”

“ನಾನೀಗ ಆ ಕೋಣೇಲಿಲ್ಲ ಕಣಮ್ಮ.”

“ಗೊತ್ತು. ಅದಕ್ಕೇ ಇಲ್ಲಿಗೆ ತಂದೆ.”

“ಮತ್ತೆ ತಪ್ಪಾದ್ರೆ?”

“ಆದ್ರೆ ನೀವು ಬಂದು ಹೇಳ್ತೀರಲ್ಲ. ಬೇರೆಯವರು ಹೇಳ್ತಾರೋ ಇಲ್ವೋ ನಂಗೊತ್ತಿಲ್ಲ.”

ಅಕ್ಕ ಕೈ ತೊಳೆದುಕೊಂಡು ಬಂದರು. ಕಾರ್ಯದರ್ಶಿಯ ಅನುಮತಿ ಕೇಳಿದ್ದು ಹುಡುಗಿಯೇ. ಆ ತಿಂಗಳು ಇನ್ನೂ ನಾಲ್ವರು ಪೆಟ್ಟಿಗೆ ಹಿಡಿದು ಗೋದಾಮಿನ ಮುಂದೆ ನಿಂತರು. ಗುರಿಕಾಗದದ ನಡುವೆ ಪಿಸ್ತೂಲು ಬಿಚ್ಚುವುದು ಚೆನ್ನಾಗಿರುವುದಿಲ್ಲ ಎಂದು ಕಾರ್ಯದರ್ಶಿಯೇ ರಿಪೇರಿ ಕೋಣೆಯ ಬೀಗದಕೈ ತಂದುಕೊಟ್ಟರು.

ಅಂದಿನಿಂದ ಗ್ರಾಂ ಅಕ್ಕನ ಕಟ್ಟಳೆಗಳು ಬಿಗಿಯಾಗಿವೆ. ಎಣ್ಣೆ ಮುಟ್ಟಿಸಿದರೆ ಒಂದು ರಾತ್ರಿ ಕಳೆಯಬೇಕು. ನೂರು ಸಲ ಖಾಲಿ ಎಳೆದು ಮತ್ತೆ ಅಳೆಯಬೇಕು. ಐನೂರಾ ಹದಿನೈದಕ್ಕಿಂತ ಕೆಳಗೆ ಯಾವುದನ್ನೂ ನಿಲ್ಲಿಸುವುದಿಲ್ಲ. ಹೊಸಬರು ಗೊಣಗುತ್ತಾರೆ, ಹದಿನೈದು ಗ್ರಾಂ ಜಾಸ್ತಿ ಆಯ್ತಲ್ಲ ಅಂತ. ಆಗ ಅವರ ಅಂಗೈ ಮೇಲೆ ಬರೆಯುವ ಹಾಳೆ ಮೂರು ಇಟ್ಟು, “ಇಷ್ಟೇ ಕಣಪ್ಪಾ. ಇದು ಭಾರ ಆಗುತ್ತಾ?” ಎಂದು ಕೇಳುತ್ತಾರೆ. ಭಾರ ಎಂದವರು ಇನ್ನೂ ಇಲ್ಲ.

ನರ್ಸ್ ಹುಡುಗಿ ಈಗ ಆಸ್ಪತ್ರೆಯಲ್ಲಿ ವಾರ್ಡಿನ ಮೇಲ್ವಿಚಾರಕಿ. ವಾರಕ್ಕೆ ಎರಡು ಬೆಳಗ್ಗೆ ರೇಂಜಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಆ ದಿನದಷ್ಟು ಅಂಕ ಮತ್ತೆಂದೂ ಅವಳಿಗೆ ಬರಲಿಲ್ಲ. ಅದನ್ನು ಅಕ್ಕ ಮುಚ್ಚಿಡುವುದಿಲ್ಲ. “ಅದು ಅವಳಿಗೆ ವಾಪಸ್ ಕೊಡೋಕೆ ನನ್ನ ಕೈಲಿ ಆಗಲ್ಲ. ಅವಳ ಹುಡುಗೀರ ಪಿಸ್ತೂಲು ಮೊದಲು ನೋಡ್ತೀನಿ, ಅಷ್ಟೇ. ಅವಳು ಬೇಡ ಅಂತಾಳೆ, ಸಾಲಲ್ಲಿ ಬರ್ಲಿ ಅಂತಾಳೆ. ನಾನು ಕೇಳಲ್ಲ.”

ಹೋದ ವರ್ಷ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಆರು ವಾರ ರಜೆ. ಮನೆಯಲ್ಲಿ ಕೈ ಸುಮ್ಮನಿರಲಾರದೆ ಮಗಳ ಛತ್ರಿ, ಗಂಡನ ಗಡಿಯಾರ, ಅತ್ತೆಯ ಊರುಗೋಲು ಎಲ್ಲವನ್ನೂ ಬಿಚ್ಚಿ ಜೋಡಿಸಿದರು. “ಊರುಗೋಲಲ್ಲಿ ಬಿಚ್ಚೋಕೆ ಏನಿದೆ ಅಂತ ಅತ್ತೆ ಕೇಳಿದ್ರು. ಕೆಳಗಡೆ ರಬ್ಬರ್ ಇದ್ಯಲ್ಲ ಅಂದೆ.”

ಪಂದ್ಯದ ದಿನ ಅಕ್ಕ ಕೂರುವುದು ತಪಾಸಣೆ ಕೋಣೆಯಲ್ಲಿ. ನಾಲ್ಕು ಗಂಟೆಯಲ್ಲಿ ನೂರೈವತ್ತು ಪಿಸ್ತೂಲು ಅವರ ಕೈ ದಾಟುತ್ತವೆ. ಗೋಡೆಯಾಚೆಗೆ ಫೈನಲ್ ನಡೆಯುತ್ತಿರುತ್ತದೆ. ಚಪ್ಪಾಳೆ ಕೇಳಿಸುತ್ತದೆ, ಯಾರಿಗೆ ಎಂದು ತಿಳಿಯುವುದಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಫೈನಲನ್ನೂ ಅವರು ಕಣ್ಣಾರೆ ನೋಡಿಲ್ಲ.

ಈ ವರ್ಷ ಕಟ್ಟಡದ ಆ ಭಾಗವನ್ನು ಒಡೆದು ಹೊಸದಾಗಿ ಕಟ್ಟುತ್ತಿದ್ದಾರೆ. ಏನಾದರೂ ಬೇಕೇ ಎಂದು ಎಂಜಿನಿಯರ್ ಕೋಣೆ ಕೋಣೆಗೆ ಕೇಳಿಕೊಂಡು ಬಂದಾಗ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಗ್ರಾಂ ಅಕ್ಕ ಒಂದು ಬೇಡಿಕೆ ಇಟ್ಟಿದ್ದಾರೆ. ತಪಾಸಣೆ ಕೋಣೆಯಿಂದ ಫೈನಲ್ ನಡೆಯುವ ಹಾಲಿನ ಕಡೆಗೊಂದು ಗಾಜಿನ ಕಿಟಕಿ.

“ದೊಡ್ಡದೇನೂ ಬೇಡ, ಒಂದು ಪುಸ್ತಕದಷ್ಟಿದ್ರೆ ಸಾಕು. ಎಡಗಡೆ ಇಡಿ ಅಂತ ಹೇಳಿದೀನಿ. ಬಲಗಡೆ ನಂಗೆ ಕೆಲಸ ಇರುತ್ತೆ.”