ಮಸಾಣದ ದಾರಿಯ ಬಗ್ಗೆ ನಾನು ಬರೆಯದ ಸಾಲು

ನಾನು ಈವರೆಗೆ ಬರೆದಿರುವುದು ಕಚೇರಿ ಪತ್ರಗಳನ್ನು ಮಾತ್ರ. ಆದ್ದರಿಂದ ಈ ನೆನಪನ್ನೂ ಅದೇ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಮದ್ದೂರು ಕಾಡಿನ ಕಡೆಗಿರುವ ನಮ್ಮ ಊರಿನ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಗ್ರಾಮಸಭೆಯ ನಡಾವಳಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳತಕ್ಕದ್ದು. ನಡಾವಳಿಯನ್ನು ನಾನು ಸಭೆಯ ಮುನ್ನಾದಿನವೇ ಬರೆದಿಡುತ್ತಿದ್ದೆ. ಚರಂಡಿ, ಬೀದಿದೀಪ, ಕುಡಿಯುವ ನೀರು ಎಂದು ಹಿಂದಿನ ವಿಷಯಗಳೇ ಮತ್ತೆ ಬರುತ್ತಿದ್ದುದರಿಂದ ದಿನಾಂಕವೊಂದನ್ನು ಬದಲಿಸಿದರೆ ಸಾಕಾಗುತ್ತಿತ್ತು. ಕೊನೆಯಲ್ಲಿ "ವಂದನೆಗಳೊಂದಿಗೆ ಸಭೆಯನ್ನು ಮುಕ್ತಾಯಗೊಳಿಸಲಾಯಿತು" ಎಂದು ಬರೆದು ಗೆರೆ ಎಳೆದಿರುತ್ತಿದ್ದೆ.

ಅಂತಹ ಒಂದು ಸಭೆಯಲ್ಲಿ, ಎಲ್ಲರೂ ಏಳುವ ಹೊತ್ತಿಗೆ, ಕೆಳಗಿನ ಬೀದಿಯ ಕೂಲಿ ಮನೆಯ ಅಜ್ಜಿಯೊಬ್ಬರು ಎದ್ದು ನಿಂತರು. ಮಸಾಣಕ್ಕೆ ಹೋಗುವ ಕಾಲುದಾರಿಗೆ ಅಡ್ಡಲಾಗಿ ಅರಿಶಿನದ ಹೊಲದ ಯಜಮಾನರು ಸೋಲಾರ್ ಬೇಲಿ ಹಾಕಿಸಿದ್ದರು. ದಾರಿ ಬಿಡಿಸಿಕೊಡಬೇಕೆಂಬುದು ಅಜ್ಜಿಯ ಕೋರಿಕೆ.

"ಆನೆ ಬಂದ್ರೆ ನೀನ್ ಕಾಯ್ತೀಯಾ?" ಎಂದು ಯಜಮಾನರು ಕೂತಲ್ಲಿಂದಲೇ ಕೇಳಿದರು. "ಅಲ್ಲ, ನಿಂಗ್ಯಾಕವ್ವ ಮಸಾಣದ ಅವಸರ?"

"ನಂಗೇನ್ ಬುದ್ಧೀ ಅವಸರ? ನಾನ್ ಮಲಗ್ಕಂಡು ಓಯ್ತೀನಿ. ಒತ್ಕಂಡು ಬರೋ ಐಕ್ಳಿಗೆ ದಾರಿ ಬ್ಯಾಡ್ವಾ?"

ಸಭೆ ನಕ್ಕಿತು. ಅಜ್ಜಿ ನನ್ನತ್ತ ತಿರುಗಿ, "ಬರ್ಕೊ ಕಣಮ್ಮಿ" ಎಂದರು.

ಗೆರೆ ಎಳೆದಾಗಿತ್ತು. ನಾನು ಪೆನ್ನನ್ನು ಕಾಗದಕ್ಕೆ ತಾಗಿಸದೆ ಪುಸ್ತಕದ ಮೇಲೆ ಆಡಿಸಿದೆ. ಅವರಿಗೆ ಓದು ಬರುತ್ತಿರಲಿಲ್ಲ. ನನ್ನ ಕೈ ನಿಲ್ಲುವವರೆಗೂ ನೋಡುತ್ತಿದ್ದು, "ಬರ್ಕೊಂಡಾ?" ಎಂದು ಕೇಳಿದರು.

"ಬರ್ಕೊಂಡೆ ಕಣಜ್ಜಿ" ಎಂದೆ.

ಮುಂದಿನ ಸಭೆಗೆ ಮೊದಲೇ, ಮಳೆಗಾಲದಲ್ಲಿ, ಅವರು ತೀರಿಕೊಂಡರು. ಬೇಲಿಯ ಕಾರಣ ಚಟ್ಟವನ್ನು ಹಳ್ಳದ ಮೂಲಕ ಸುತ್ತಿಸಿ ಒಯ್ಯಬೇಕಾಯಿತು. ನಾನೂ ಹಿಂದೆ ನಡೆದಿದ್ದೆ. ನಡುನೀರಿನಲ್ಲಿ ಹೊತ್ತವರೊಬ್ಬರ ಕಾಲು ಜಾರಿ ಚಟ್ಟ ಓರೆಯಾಯಿತು. ಅಜ್ಜಿಯ ಬಲಗೈ ಬಟ್ಟೆಯಿಂದ ಹೊರಬಂದು ನೀರಿನ ಮೇಲೆ ಅತ್ತಿತ್ತ ಆಡಿತು, ಏನನ್ನೋ ಬರೆಯುವಂತೆ. ಬೇರೆ ಯಾರಿಗೂ ಹಾಗೆ ಕಂಡಿರಲಿಕ್ಕಿಲ್ಲ.

ನಂತರದ ಸಭೆಯಲ್ಲಿ, ವಾಡಿಕೆಯಂತೆ, ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸಬೇಕಿತ್ತು. ನಾನು ಓದಿ ಮುಗಿಸುತ್ತಿದ್ದಂತೆ ಅಜ್ಜಿಯ ಮಗಳು ಎದ್ದರು.

"ನಮ್ಮವ್ವ ದಾರಿ ಕೇಳಿದ್ದು ಎಲ್ಲಿ? ಬುಕ್ಕಲ್ಲಿ ಬರಸಿವ್ನಿ ಅಂತ ಸಾಯೋಗಂಟ ಯೋಳ್ತಿದ್ಲು. ಅದ್ನೂ ಓದು."

ಗೆರೆಯ ಕೆಳಗಿನ ಖಾಲಿ ಜಾಗವನ್ನು ನೋಡುತ್ತಾ ನಾನು ಓದಿದೆ: "ಮಸಾಣದ ದಾರಿಯನ್ನು ತೆರವುಗೊಳಿಸಲು ಕೋರಲಾಯಿತು." ಒಪ್ಪಿಗೆಯ ಕೈಗಳು ಮೇಲೆದ್ದವು.

"ಕೊಡಮ್ಮಿ ಇತ್ಲಾಗೆ, ನೋಡನ" ಎಂದು ಯಜಮಾನರು ಕೈ ಚಾಚಿದರು.

ಪುಸ್ತಕವನ್ನು ಕೊಡಲಾಗಲಿಲ್ಲ. "ಬರ್ದಿಲ್ಲ" ಎಂದೆ. "ಅಜ್ಜಿ ಕೇಳಿದ್ದು ದಿಟ. ನಾನೇ ಬರ್ದಂಗ್ ಮಾಡ್ಬುಟ್ಟೆ."

"ಬರ್ದಿಲ್ಲ ಅಂದ್ಮೇಲೆ ಕೇಳಿಲ್ಲ ಅಂತ್ಲೇ ಆಯ್ತು, ಬುಡಿ" ಎಂದರು ಯಜಮಾನರು.

ಮಗಳು ಅವರತ್ತ ನೋಡಲೇ ಇಲ್ಲ. "ನಿನ್ ಕೈನ ನೋಡ್ಕಂಡು ಬಂದಿದ್ಲು ಕಣಮ್ಮಿ ನಮ್ಮವ್ವ" ಎಂದು ನನಗೆ ಹೇಳಿ ಕುಳಿತರು.

ಅಂದು ಆ ಕೋರಿಕೆಯನ್ನು ಹೊಸದಾಗಿ ದಾಖಲಿಸಿ, ನನ್ನ ಲೋಪವನ್ನೂ ನಮೂದಿಸಿ, ದಾರಿಯ ಅಳತೆಗಾಗಿ ಮೇಲಿನ ಕಚೇರಿಗೆ ಪತ್ರ ಕಳುಹಿಸಲಾಯಿತು. ಅಳತೆಯ ಸರದಿ ಇನ್ನೂ ಬಂದಿರುವುದಿಲ್ಲ. ಬೇಲಿ ಇದ್ದಲ್ಲಿಯೇ ಇದೆ.

ಕೆಳಗಿನ ಬೀದಿಯಲ್ಲಿ ಈಗ ಮತ್ತೊಬ್ಬ ಹಿರಿಯರು ಹಾಸಿಗೆ ಹಿಡಿದಿದ್ದಾರೆ. ಮೋಡ ಕಟ್ಟಿದ ದಿನಗಳಲ್ಲಿ, ಗ್ರಂಥಾಲಯದ ಬೀಗ ತೆಗೆಯುವ ಮೊದಲು, ನಾನು ಆ ಬೀದಿಯನ್ನು ಹಾದು ಹೋಗುತ್ತೇನೆ. ಒಳಗಿನಿಂದ ಅವರ ಕೆಮ್ಮು ಕೇಳಿಸಿದರೆ ಮುಂದೆ ನಡೆಯುತ್ತೇನೆ. ಕೇಳಿಸದಿದ್ದಲ್ಲಿ, ಕೇಳಿಸುವವರೆಗೆ ನಿಲ್ಲುತ್ತೇನೆ.