ಸಿದ್ಧಿಯ ಅಪ್ಪ ಅವಿರೋಧವಾಗಿ ಗೆದ್ದದ್ದು

ನಮ್ಮ ಹಾಸನದ ಕಡೆ ಸಂಘ ಸಂಸ್ಥೆಗಳ ಚುನಾವಣೆ ಎಂದರೆ, ಚುನಾವಣೆಯೇ ಆಗದ ಹಾಗೆ ನೋಡಿಕೊಳ್ಳುವುದು. ಹಾಲಿನ ಸೊಸೈಟಿಯಿರಲಿ, ದೇವಸ್ಥಾನದ ಸಮಿತಿಯಿರಲಿ, ನಾಲ್ಕು ಜನ ಹಿರಿಯರು ಮನೆಮನೆಗೆ ಹೋಗಿ ‘ದೊಡ್ಡ ಮನಸ್ಸು ಮಾಡಿ, ನಾಮಪತ್ರ ವಾಪಸ್ ತಗಳಿ’ ಎಂದು ಕೈ ಮುಗಿಯುತ್ತಾರೆ. ಮತ ಹಾಕಿದರೆ ಮನಸ್ಸು ಒಡೆಯುತ್ತದಂತೆ. ಅವಿರೋಧವಾಗಿ ಆಯ್ಕೆಯಾದರೆ ಊರಿಗೇ ಗೌರವವಂತೆ. ಇರಲಿ, ಬೇಡ ಅನ್ನುವುದಕ್ಕೆ ನಾನ್ಯಾರು. ಆದರೆ ಈ ಒಳ್ಳೆಯತನ ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಯಶೋಧರನಿಗೆ ಮಾಡಿದ್ದನ್ನು ನೆನೆದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ. ಅದೇ ತೊಂದರೆ, ಇದರಲ್ಲಿ ಕೆಟ್ಟವರು ಒಬ್ಬರೂ ಇಲ್ಲ.

ಯಶೋಧರ ಹುಟ್ಟಿದ್ದು ಶ್ರವಣಬೆಳಗೊಳದ ಜೈನರ ಮನೆಯಲ್ಲಿ. ಮಾತು ಕಡಿಮೆಯ ಮನುಷ್ಯ. ಎಷ್ಟು ಕಡಿಮೆ ಎಂದರೆ, ಹರೆಯದಲ್ಲಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಸ್ಟೀಲು ಪಾತ್ರೆಗಳನ್ನು ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ ಮಾರುತ್ತಿದ್ದಾಗಲೂ ‘ಪಾತ್ರೇ’ ಎಂದು ಒಂದು ದಿನ ಕೂಗಿದವನಲ್ಲ. ಬೀದಿಯ ನಡುವೆ ನಿಂತು ಬೆಲ್ಲು ಹೊಡೆಯುತ್ತಿದ್ದ, ಅಷ್ಟೇ. ಹೆಂಗಸರೇ ಹೊರಗೆ ಬಂದು ‘ಬೆಲ್ಲಿನಣ್ಣ ಬಂದವ್ನೆ ಬರ‍್ರೇ’ ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಹಾಗೆ ತುಳಿದು ತುಳಿದೇ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಒಂದು ಅಂಗಡಿ ಮಾಡಿದ, ಅನಂತಮತಿಯನ್ನು ಮದುವೆಯಾದ. ಮಕ್ಕಳಾಗಲಿಲ್ಲ, ಆಗಲಿಲ್ಲ, ಇನ್ನು ಆಗುವುದೇ ಇಲ್ಲವೆಂದು ನೆಂಟರು ಕೇಳುವುದನ್ನೂ ಬಿಟ್ಟ ಮೇಲೆ ಸಿದ್ಧಿ ಹುಟ್ಟಿದಳು.

ಆ ಹುಡುಗಿ ಅಪ್ಪನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳು ಪಾತ್ರೆ ಮರೆತು ಇವಳ ಮಾತು ಕೇಳುತ್ತ ನಿಲ್ಲುತ್ತಿದ್ದರು. ಸೈಕಲ್ ಕಲಿಸಿದ್ದು ಅಪ್ಪನೇ. ಡಿಗ್ರಿಗೆ ಸೇರಿದ ಮೇಲೆ ಸ್ಕೂಟರ್ ಕೊಡಿಸುತ್ತೇನೆಂದರೂ ಒಲ್ಲೆ ಎಂದಳು. ಹಾಸನದಲ್ಲೊಂದು ಸೈಕಲ್ ಬಳಗವಿದೆ. ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೆ ಒಂದು ದಾರಿ ಬಿಡಿ, ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ ನಿಲ್ಲಿಸಲು ಜಾಗ ಕೊಡಿ ಎಂದು ಅಧಿಕಾರಿಗಳ ಬೆನ್ನು ಬೀಳುವ ಜನ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ನಾಲ್ಕೂ ತಾಲ್ಲೂಕಿನವರು ಇದ್ದಾರೆ. ಸಿದ್ಧಿ ಅಲ್ಲಿ ಸೇರಿದ ಮೇಲೆ ಅವಳಿಲ್ಲದೆ ಅವರ ಒಂದು ಸಭೆಯೂ ನಡೆಯದಂತಾಯಿತು.

ಹೋದ ವರ್ಷ ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟಳು. ಹೆಲ್ಮೆಟ್ಟಿನ ಪಟ್ಟಿ ಸಡಿಲವಾಗಿ ನೇತಾಡುತ್ತಿತ್ತು. ಯಶೋಧರ ಬಾಗಿಲಲ್ಲಿ ತಡೆದು ನಿಲ್ಲಿಸಿ, ಗಲ್ಲ ಎತ್ತಿ, ಬಕಲ್ ಬಿಗಿದ. ‘ಅಪ್ಪಾ, ಕುತ್ತಿಗೆ ಹಿಸುಕ್ತಿದೀಯ’ ಎಂದು ನಕ್ಕು ಹೋದಳು. ಊರಾಚೆ ಸರ್ವೀಸ್ ರಸ್ತೆಯನ್ನು ಅಗೆದು ಹಾಗೇ ಬಿಟ್ಟಿದ್ದರು. ಸೈಕಲ್ ಹೋಗುವ ಹಾಗಿರಲಿಲ್ಲ. ಹೆದ್ದಾರಿಗೆ ಹತ್ತಿದಳು. ಹಿಂದಿನಿಂದ ಲಾರಿ ಬಂತು.

ನೀರು ಕುಡಿಸಲು ಯಾರೋ ಪುಣ್ಯಾತ್ಮರು ಹೆಲ್ಮೆಟ್ ಬಿಚ್ಚಿ ರಸ್ತೆಯ ಮೇಲಿಟ್ಟಿದ್ದಾರೆ. ಆ ಗಲಾಟೆಯಲ್ಲಿ ಅದು ಎಲ್ಲೋ ಕಳೆದುಹೋಯಿತು. ಮಾರನೆಯ ದಿನ, ಮಗಳ ಚಿತೆಗೆ ಬೆಂಕಿ ಇಟ್ಟು ಬಂದವನು ಅದೇ ಜಾಗಕ್ಕೆ ಹೋಗಿ ಪೊದೆ, ಮೋರಿ ಎಲ್ಲ ತಡಕಿದ. ಸಿಗಲಿಲ್ಲ. ಅಷ್ಟರಲ್ಲಿ ಪೇಪರಿನಲ್ಲಿ ‘ಹೆಲ್ಮೆಟ್ ಧರಿಸದ ವಿದ್ಯಾರ್ಥಿನಿ ಬಲಿ’ ಎಂದು ಬಂದಿತ್ತು. ಬಳಗದವರು ಅದನ್ನೇ ನಂಬಿದರು. ನಂಬಿ, ಅತ್ತು, ಅವಳ ನಗುವ ಫೋಟೋ ಹಾಕಿ ಒಂದು ಬೋರ್ಡು ಮಾಡಿಸಿದರು: ‘ಸಿದ್ಧಿಗೆ ಆದದ್ದು ನಿಮಗೆ ಆಗದಿರಲಿ. ಹೆಲ್ಮೆಟ್ ಧರಿಸಿ.’ ಹೊಳೆನರಸೀಪುರ, ಅರಕಲಗೂಡು, ಎಲ್ಲ ಕಡೆ ನಿಲ್ಲಿಸಿದರು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದು ಸರಿಯಾಗಿ ಯಶೋಧರನ ಅಂಗಡಿಯ ಎದುರಿಗೆ. ಪ್ರೀತಿಯಿಂದಲೇ ನಿಲ್ಲಿಸಿದ್ದು, ಸ್ವಾಮಿ. ಆ ಪ್ರೀತಿಗೆ ಏನು ಹೇಳೋಣ!

ಅನಂತಮತಿ ಅದನ್ನು ಒಂದೇ ಸಲ ನೋಡಿದ್ದು. ಆಮೇಲೆ ಅಂಗಡಿಯ ದಿಕ್ಕಿಗೆ ತಲೆ ಹಾಕಲಿಲ್ಲ. ಬಸದಿಗೆ ಹೋದರೆ ಹೆಂಗಸರು ‘ಒಂದು ಹೆಲ್ಮೆಟ್ ಹಾಕಿ ಕಳಿಸಬಾರದಿತ್ತಾ ಅನಂತಕ್ಕಾ’ ಎಂದು ಮರುಗುತ್ತಿದ್ದರು. ಅಲ್ಲಿಗೂ ಹೋಗುವುದು ಬಿಟ್ಟಳು.

“ನನ್ನ ಮಗಳು ದಡ್ಡಿಯಾಗಿ ಸತ್ತಳು ಅಂತ ಊರಿಗೆಲ್ಲ ಹೇಳ್ತಿದಾರಲ್ಲರೀ,” ಎಂದು ಗಂಡನ ಮುಂದೆ ಅತ್ತಳು. “ನೀವೊಂದ್ಸಲ ನಾಲ್ಕು ಜನರ ಮುಂದೆ ಹೇಳಿ. ಆ ಬೋರ್ಡು ತೆಗೆಸಿ.”

ಯಶೋಧರ ಹೇಳದೇ ಇರಲಿಲ್ಲ. ಬಳಗದ ಅಧ್ಯಕ್ಷ ರಜನೀಶ್, ಹಾಸನದ ಹಲ್ಲಿನ ಡಾಕ್ಟರು, ಸಂತಾಪಕ್ಕೆಂದು ಮನೆಗೆ ಬಂದಾಗ “ಅವಳು ಹಾಕಿದ್ಲು ಡಾಕ್ಟ್ರೇ” ಎಂದಿದ್ದ. ರಜನೀಶನ ಕಣ್ಣು ತುಂಬಿತು. ಕೈ ಹಿಡಿದುಕೊಂಡು, “ಅಣ್ಣಾ, ಈಗ ಅದನ್ನೆಲ್ಲ ನೆನೆಸ್ಕೋಬೇಡಿ” ಎಂದ. ಮುಂದೆ ಯಾರ ಹತ್ತಿರ ಬಾಯಿ ತೆರೆದರೂ ಇದೇ ಕಥೆ. ಕೇಳಿದರೆ ಪಾಪ ಇವನಿಗೆ ನೋವಾಗುತ್ತದೆಂದು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದಿದ್ದರೆ ಹೇಳಲು ಬರುವ ಮನುಷ್ಯನಲ್ಲ ಇವನು.

ಹೀಗಿರುವಾಗ ಬಳಗದ ಆಡಳಿತ ಮಂಡಳಿಗೆ ಚುನಾವಣೆ ಬಂತು. ಒಂಬತ್ತು ಸ್ಥಾನ. ಕಾರ್ಯದರ್ಶಿ ರೂಪಶ್ರೀ ಎಂಬ ಲೆಕ್ಚರರು ವಾಟ್ಸಾಪಿನಲ್ಲಿ ನಿಯಮ ಕಳಿಸಿದ್ದಳು. ಸ್ಪರ್ಧೆ ನಡೆದರೆ ಪ್ರತಿ ಅಭ್ಯರ್ಥಿಗೂ ಮಹಾಸಭೆಯಲ್ಲಿ ಐದು ನಿಮಿಷ ಮಾತು, ಆಮೇಲೆ ಸದಸ್ಯರು ಎದ್ದು ಪ್ರಶ್ನೆ ಕೇಳಬಹುದು. ಆ ಕೊನೆಯ ಸಾಲನ್ನು ಯಶೋಧರ ಮತ್ತೆ ಮತ್ತೆ ಓದಿದ. ಮಗಳು ಹೋದ ಮೇಲೆ ಅವಳ ಸದಸ್ಯತ್ವವನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಉಳಿಸಿದ್ದನಲ್ಲ, ನಾಮಪತ್ರ ಹಾಕಿಯೇಬಿಟ್ಟ. ಹುಟ್ಟಿದಾಗಿನಿಂದ ಒಂದು ವೇದಿಕೆ ಹತ್ತಿದವನಲ್ಲ!

ಸುದ್ದಿ ಹರಡಿದ್ದೇ ತಡ, ಫೋನುಗಳು ಶುರುವಾದವು. “ಸಿದ್ಧಿ ಅಪ್ಪನ ಎದುರು ನಾವು ನಿಲ್ಲೋದಾ? ವಾಪಸ್ ತಗೊಂಡೆ ಸಾ.” “ನಿಮ್ಮನ್ನ ಸೋಲ್ಸಿ ನಾವು ಯಾವ ಮುಖ ಇಟ್ಕೊಂಡು ಓಡಾಡದು ಅಣ್ಣಾ?” ಒಬ್ಬೊಬ್ಬರೇ ಜಾರಿಕೊಂಡರು. ಬೇಡ ಎನ್ನುವಷ್ಟರಲ್ಲಿ ಫೋನು ಇಟ್ಟಿರುತ್ತಿದ್ದರು. ಕಡೆಗೆ ಒಂಬತ್ತು ಸ್ಥಾನಕ್ಕೆ ಹತ್ತು ಜನ ಉಳಿದರು. ಆ ಹತ್ತನೆಯವನು ಕೊಣನೂರಿನ ದೇವರಾಜು. ಗೊಬ್ಬರದ ಅಂಗಡಿಯವನು, ದೊಡ್ಡ ದನಿ, ಮಹಾ ಹಟಮಾರಿ. ರಜನೀಶನ ಜೊತೆ ಏನೋ ಜಟಾಪಟಿ ಮಾಡಿಕೊಂಡು ನಾಮಪತ್ರ ಹಾಕಿದ್ದ. ಅವನೂ ನಾಮಪತ್ರ ವಾಪಸ್ ತೆಗೆದು ಕೂತರೆ ಸ್ಪರ್ಧೆಯೂ ಇಲ್ಲ, ಐದು ನಿಮಿಷವೂ ಇಲ್ಲ.

ಯಶೋಧರ ಅಂಗಡಿ ಮುಚ್ಚಿ ಬಸ್ ಹತ್ತಿದ. ಹೊಳೆನರಸೀಪುರದಲ್ಲಿ ಒಂದು ಬಸ್ಸು, ಅರಕಲಗೂಡಿನಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ ಕೊಣನೂರು ಮುಟ್ಟುವಾಗ ಮಧ್ಯಾಹ್ನ.

“ಅಯ್ಯೋ, ನೀವ್ಯಾಕಣ್ಣಾ ಇಷ್ಟ್ ದೂರ ಬರಕ್ ಓದ್ರಿ?” ಎಂದು ದೇವರಾಜು ಅಂಗಡಿಯಿಂದ ಧಡಕ್ಕನೆ ಎದ್ದು ಬಂದ. “ನಂಗೊತ್ತು ಬುಡಿ, ನಾಮಪತ್ರ ವಾಪಸ್ ತಗೀಬೇಕು, ಅಷ್ಟೇ ತಾನೆ? ತಗುದ್ಬುಟ್ಟೆ ಅನ್ಕಳಿ.”

“ಬೇಡ ದೇವರಾಜೂ,” ಎಂದು ಯಶೋಧರ ಅವನ ಎರಡೂ ಕೈ ಹಿಡಿದುಕೊಂಡ. “ತಗೋಬೇಡಿ. ನೀವು ನಿಲ್ಲಬೇಕು. ಅದನ್ನ ಕೇಳೋಕೇ ಬಂದೆ.”

“ಇದೇನಣ್ಣಾ ಇದು! ಎಲ್ರೂ ಕೂತ್ಕೊ ಕೂತ್ಕೊ ಅಂತ ಪ್ರಾಣ ತಿಂತಾವ್ರೆ, ನೀವು ನಿಂತ್ಕೊ ಅಂತೀರಲ್ಲ?”

“ನೀವು ನಿಂತ್ರೆ ನನಗೆ ಐದು ನಿಮಿಷ ಸಿಗುತ್ತೆ. ನಾನು ಹೇಳಿದ ಮೇಲೆ ಯಾರಾದ್ರೂ ಎದ್ದು ಕೇಳ್ತಾರೆ. ನಿಜಾನಾ, ನೀವು ನೋಡಿದ್ರಾ ಅಂತ ಜೋರು ಮಾಡಿ ಕೇಳ್ಲಿ. ಒಂದು ವರ್ಷ ಆಯ್ತು, ಒಬ್ಬರೂ ನನ್ನನ್ನ ಕೇಳಿಲ್ಲ.”

“ಏನ್ ಕೇಳ್ಬೇಕಿತ್ತಣ್ಣಾ?”

“ಸಿದ್ಧಿ ಹೆಲ್ಮೆಟ್ ಹಾಕಿದ್ಲಾ ಅಂತ.”

ದೇವರಾಜು ತಲೆ ಬಗ್ಗಿಸಿದ. ಅವನೂ ಕೇಳಲಿಲ್ಲ. “ಆಯ್ತು ಕಣಣ್ಣಾ, ನಿಮಗೋಸ್ಕರ ಕಡೇಗಂಟ ನಿಂತ್ಕತೀನಿ” ಎಂದ. ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ, “ಈರುಳ್ಳಿ ಆಕಿಲ್ಲ ಕಣಣ್ಣಾ, ಧೈರ್ಯವಾಗಿ ತಿನ್ನಿ” ಎಂದು ಅವಲಕ್ಕಿ ತಂದುಕೊಟ್ಟಳು. ತಿಂದು ಹೊರಟ.

ಮನೆ ಸೇರುವಾಗ ಹೊತ್ತು ಮುಳುಗಿತ್ತು. ಕತ್ತಲಾದ ಮೇಲೆ ಆ ಮನೆಯಲ್ಲಿ ಊಟವಿಲ್ಲ. ಗಂಡ ಹೆಂಡತಿ ಎದುರು ಬದುರು ಕೂತರು.

“ನಾನು ಸಭೆಯವಳು ಅನ್ಕೊಳ್ಳಿ. ಕೇಳ್ತೀನಿ, ಹೇಳಿ,” ಎಂದಳು ಅನಂತಮತಿ. “ನಿಮ್ಮ ಮಗಳು ಹೆಲ್ಮೆಟ್ ಹಾಕಿದ್ಲಾ?”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಕೇಳಿದಳು. ಮತ್ತೆ ಕೇಳಿದಳು. ಕಡೆಗೆ ಅವನು, “ಹಾಕಿದ್ಲು. ನಾನೇ ಬಕಲ್ ಬಿಗಿದೆ” ಎಂದ. ಆ ವರ್ಷದಲ್ಲಿ ಅವರಿಬ್ಬರಿಗೂ ಸ್ವಲ್ಪ ಹಗುರಾದದ್ದು ಆವತ್ತೇ.

ಭಾನುವಾರ ಹಾಸನದಲ್ಲಿ ಮಹಾಸಭೆ. ಅನಂತಮತಿ ಬರಲಿಲ್ಲ. ಮಗಳ ಫೋಟೋ ಹಾಕಿರುತ್ತಾರೆ, ಅದರ ಕೆಳಗೆ ಕೂರಲಾರೆ ಎಂದಳು. ಯಶೋಧರ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ. ನಾಮಪತ್ರ ಹಿಂತೆಗೆಯಲು ಸಭೆ ಶುರುವಾಗುವವರೆಗೂ ಅವಕಾಶವಿತ್ತು. ಇನ್ನೇನು ಶುರುವಾಗಬೇಕು, ದೇವರಾಜು ಎದ್ದು ನಿಂತ.

“ನನ್ ಕೈಲಿ ಆಗಾಕಿಲ್ಲ ಕಣ್ರಪ್ಪಾ,” ಎಂದು ಆ ದೊಡ್ಡ ದನಿಯಲ್ಲಿ ಅಳತೊಡಗಿದ. “ಮಗಳನ್ನ ಕಳಕಂಡೋರ ಎದ್ರು ವೋಟಿಗೆ ನಿಂತ್ರೆ ನನ್ನ ಮಕ್ಕಳೇ ನನ್ ಮುಖಕ್ ಉಗೀತವೆ. ವಾಪಸ್ ತಗಂಡಿದ್ದೀನಿ.”

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ದೇವರಾಜು ಬಂದು ಯಶೋಧರನ ಕಾಲು ಮುಟ್ಟಿ, ಕಿವಿಯ ಹತ್ತಿರ, “ಬೇಜಾರ್ ಮಾಡ್ಕಬೇಡಿ ಅಣ್ಣಾ, ಮೈಕ್ ಕೊಡ್ತಾರೆ, ಕೇಳಿವ್ನಿ, ಮಾತಾಡಿ” ಎಂದ. ಎಂಥ ಒಳ್ಳೆಯವನಪ್ಪ! ಒದೆಯೋಣ ಅನ್ನಿಸುವಷ್ಟು ಒಳ್ಳೆಯವನು.

ಯಶೋಧರನನ್ನು ಮೇಲೆ ಕೂರಿಸಿದರು. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಾರ ಹಾಕಿದರು. ರಜನೀಶ್ ಹೊಸ ಮಂಡಳಿಯ ಮೊದಲ ನಿರ್ಣಯ ಓದಿದ: ಸಿದ್ಧಿ ಸ್ಮಾರಕ ಹೆಲ್ಮೆಟ್ ಯೋಜನೆ. ನಾಲ್ಕು ತಾಲ್ಲೂಕಿನ ಶಾಲಾ ಮಕ್ಕಳಿಗೆ ಉಚಿತ ಹೆಲ್ಮೆಟ್. ಊರೂರಿನಲ್ಲಿ ಇನ್ನೂ ದೊಡ್ಡ ಬೋರ್ಡು. “ಅವತ್ತು ಒಂದು ಹೆಲ್ಮೆಟ್ ಇದ್ದಿದ್ರೆ ನಮ್ಮ ಸಿದ್ಧಿ…” ಎನ್ನುವಾಗ ಅವನ ದನಿ ಒಡೆಯಿತು. ಎಲ್ಲರೂ ಕಣ್ಣೊರೆಸಿಕೊಂಡರು. ಆಮೇಲೆ ಮೈಕು ಯಶೋಧರನ ಕೈಗೆ ಬಂತು.

“ನನ್ನ ಮಗಳು ಹೆಲ್ಮೆಟ್ ಹಾಕಿದ್ಲು,” ಎಂದ. ಪೇಟ ಹಣೆಗೆ ಜಾರುತ್ತಿತ್ತು, ತೆಗೆದು ಪಕ್ಕಕ್ಕಿಟ್ಟ. “ನಾನೇ ಬಕಲ್ ಬಿಗಿದು ಕಳಿಸಿದೆ. ಸರ್ವೀಸ್ ರಸ್ತೆ ಅಗೆದು ಬಿಟ್ಟಿದ್ರು, ಅದಕ್ಕೆ ದೊಡ್ಡ ರಸ್ತೆಗೆ ಹತ್ತಿದ್ಲು. ಅವಳದ್ದು ತಪ್ಪಿಲ್ಲ.”

ಹಿಂದಿನಿಂದ ಯಾರೋ ಬಿಕ್ಕಿದರು. ಯಶೋಧರ ಪ್ರಶ್ನೆಗೆ ಕಾದ. ಒಂದು ಕೈ ಏಳಲಿಲ್ಲ.

“ಕೇಳಿ,” ಎಂದ. “ಯಾರಾದ್ರೂ ಕೇಳಿ.”

ರಜನೀಶ್ ಎದ್ದು ಬಂದು ಅವನನ್ನು ತಬ್ಬಿಕೊಂಡ. “ಹೌದಣ್ಣಾ. ಹಾಕಿದ್ಲು. ಹಾಕಿದ್ಲು. ಬನ್ನಿ, ಸ್ವಲ್ಪ ನೀರು ಕುಡೀರಿ.” ಹಟ ಹಿಡಿದ ಮಗುವನ್ನು ರಮಿಸುವ ದನಿ ಅದು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಪಕ್ಕದವಳಿಗೆ, “ಪಾಪ, ಹೆತ್ತ ಕರುಳು, ಹಂಗೇ ಅನ್ಕೊಂಡು ಬದುಕ್ಲಿ ಬಿಡಿ” ಎಂದದ್ದು ಯಶೋಧರನಿಗೆ ಕೇಳಿಸಿತು. ಮೈಕು ಆಗಲೇ ರೂಪಶ್ರೀಯ ಕೈಯಲ್ಲಿತ್ತು. ನಿರ್ಣಯಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ ಎಂದಳು. ವೇದಿಕೆಗೆ ಬಂದು ಯಶೋಧರನ ಕೈ ಹಿಡಿದು ಕೂತಿದ್ದ ದೇವರಾಜು ತನ್ನ ಕೈ ಎತ್ತಿದ. ಅದರ ಜೊತೆಗೆ ಯಶೋಧರನ ಕೈಯೂ ಎದ್ದಿತು. ಸರ್ವಾನುಮತ.

ಸಂಜೆ ಬಿಸಿಲು ಇನ್ನೂ ಇರುವಾಗ ಮನೆಗೆ ಬಂದ. ಅನಂತಮತಿ ಬಾಗಿಲಲ್ಲೇ ನಿಂತಿದ್ದಳು.

“ಹೇಳಿದ್ರಾ?”

“ಹೇಳ್ದೆ.”

“ಎಲ್ಲರ ಮುಂದೆ? ಮೈಕಲ್ಲಿ?”

“ಮೈಕಲ್ಲೇ.”

“ಏನಂದ್ರು?”

ಯಶೋಧರ ಚಪ್ಪಲಿ ಬಿಟ್ಟ. ಕೈಕಾಲು ತೊಳೆದುಕೊಂಡ. ಅವಳು ಅವನ ಮುಖವನ್ನೇ ನೋಡುತ್ತ ಹಿಂದೆಯೇ ಬಂದಳು.

“ಹೌದು ಅಂದ್ರು,” ಎಂದ.

ಅನಂತಮತಿ ಗೋಡೆಗೆ ಒರಗಿ ಕುಸಿದು ಕೂತು ಅತ್ತಳು. ಒಂದು ವರ್ಷದಿಂದ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದವಳು ಬಾಯಿ ಬಿಟ್ಟು, ಮನಸ್ಸು ಬಿಚ್ಚಿ ಅತ್ತಳು. ಆಮೇಲೆ ಎದ್ದು ಮುಖ ತೊಳೆದು, ಹೊತ್ತು ಮುಳುಗುವುದರೊಳಗೆ ಅಡಿಗೆ ಆಗಬೇಕೆಂದು ಒಲೆ ಹಚ್ಚಿದಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಜೀವವಿತ್ತು.

“ಬೋರ್ಡು ಇಳಿಸ್ತಾರೆ ಅಲ್ವಾ?”

“ಇಳಿಸ್ತಾರೆ.”

“ಹಂಗಾದ್ರೆ ನಾಳೆ ಬೆಳಿಗ್ಗೆ ನಾನೂ ನಿಮ್ಮ ಜೊತೆ ಅಂಗಡಿಗೆ ಬರ್ತೀನಿ ಕಣ್ರೀ.”

ಯಶೋಧರ ಬೇಡ ಅನ್ನಲಿಲ್ಲ. ಬೇಡ ಅಂದರೆ ಅವಳು ಯಾಕೆ ಎಂದು ಕೇಳುತ್ತಿದ್ದಳು.