ಜಯನಗರದಲ್ಲೊಂದು ಭೂರ್ಜದ ಸಸಿ

ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲದಲ್ಲಿ ನನ್ನದು ಗಿಡ, ಗೊಬ್ಬರ, ಹುಲ್ಲುಹಾಸಿನ ವ್ಯಾಪಾರ. ನಿವೃತ್ತ ಅಧಿಕಾರಿಯೊಬ್ಬರು ಬದರಿಯಾತ್ರೆಗೆ ಹೋದವರು, ತೊಗಟೆಯ ಮೇಲೆ ಮಂತ್ರ ಬರೆಯುತ್ತಾರಲ್ಲ, ಆ ಭೂರ್ಜದ ಸಸಿಯೊಂದನ್ನು ತಂದು ನಾನು ಹಾಸಿಕೊಟ್ಟ ಹುಲ್ಲಿನ ನಟ್ಟನಡುವೆ ನೆಟ್ಟರು. ಅದು ಬಾಡತೊಡಗಿದಾಗ ನನ್ನನ್ನು ಕರೆಸಿದರು.

"ಏನ್ರೀ, ನಿಮ್ಮ ಹುಲ್ಲು ನಮ್ಮ ಮರದ ನೀರೆಲ್ಲ ಕುಡೀತಿದೆ. ಪೂರ್ತಿ ಕಿತ್ತುಹಾಕಿ!"

"ಕುಡಿಯೋದು ನಿಜ ಸಾರ್. ಸಸಿ ಸುತ್ತ ಒಂದು ಮೊಳ ಕೀಳಿಸ್ತೀನಿ. ಆದ್ರೆ ಹುಲ್ಲಿಗೆ ಬಿಸಿಲು, ನೀರು ಇದ್ರೆ ಸಾಕು. ಭೂರ್ಜಕ್ಕೆ ಅದರ ಜೊತೆಗೆ ಹಿಮ ಬೀಳೋ ಚಳೀನೂ ಬೇಕು."

"ಬೆಂಗಳೂರಲ್ಲಿ ಚಳಿಗೇನ್ರೀ ಬರ? ನಾನೇ ಮಫ್ಲರ್ ಸುತ್ಕೊಂಡು ವಾಕಿಂಗ್ ಹೋಗ್ತೀನಿ!"

"ಮಫ್ಲರ್ ನೋಡಿ ಮರ ಬೆಳೆಯಲ್ಲ ಸಾರ್."

ಒಳಗಿಂದ ಅವರ ಹೆಂಡತಿಯ ದನಿ ಬಂತು: "ಆ ಕಡ್ಡಿಗೋಸ್ಕರ ನನ್ನ ಹುಲ್ಲು ಕಿತ್ರೆ ನೋಡಿ!" ಹಾಗಾಗಿ ಹುಲ್ಲು ಉಳಿಯಿತು.

ಬೇಸಿಗೆಗೆ ಸಸಿ ಒಣಗಿಹೋಯಿತು. ನನ್ನ ಗೊಬ್ಬರ ಉಷ್ಣ ಎಂದು ಅವರು ಬೀದಿಗೆಲ್ಲ ಸಾರಿದರು. ಅದೇ ಗೊಬ್ಬರ ತಿಂದ ಹುಲ್ಲು ಹಚ್ಚಗೆ ಬೆಳೆದಿದೆಯಲ್ಲ ಸಾರ್ ಎಂದು ಕೇಳಿದರೆ, ಅದು ಅವರ ಕೈಗುಣವಂತೆ.